ನಿಕಟವಾದರೂ ಬಿಗಿಯಲ್ಲದ ಅಪ್ಪುಗೆ: ಟ್ಯಾಂಗೊ ಜೋಡಿಯ ನಡುವಿನ ಅಂತರವನ್ನು ಕುರಿತು

ಸ್ಪ್ಯಾನಿಶ್ ಭಾಷೆಯ 'ಅಬ್ರಾಸೊ' ಎಂಬ ಪದಕ್ಕೆ ಕನ್ನಡದಲ್ಲಿ ಅಪ್ಪುಗೆ, ತಬ್ಬುಗೆ, ತೆಕ್ಕೆ, ಆಲಿಂಗನ ಎಂದು ಹಲವು ಪದಗಳು ಸಿಗುತ್ತವೆ. ಆದರೆ ಇವುಗಳಲ್ಲಿ ಯಾವುದನ್ನು ಆಡಿದರೂ ಅದರ ಜೊತೆಗೆ 'ಬಿಗಿ' ಎಂಬ ವಿಶೇಷಣ ತಾನಾಗಿಯೇ ನಾಲಿಗೆಗೆ ಬರುತ್ತದೆ; ಬಿಗಿದಪ್ಪುವುದು, ಗಟ್ಟಿಯಾಗಿ ತಬ್ಬಿಕೊಳ್ಳುವುದು ನಮ್ಮ ರೂಢಿಯ ಮಾತುಗಳು. ಅರ್ಜೆಂಟೀನಾದ ಟ್ಯಾಂಗೊ ನೃತ್ಯದಲ್ಲಿ ಜೋಡಿಯ ಎದೆಗಳು ಪರಸ್ಪರ ತಾಗಿರುವ ಭಂಗಿಯನ್ನು 'ಅಬ್ರಾಸೊ ಸೆರ್ರಾದೊ' ಎನ್ನುತ್ತಾರೆ. ಇದರ ನೇರ ಅರ್ಥ ಮುಚ್ಚಿದ ಅಪ್ಪುಗೆ. ಮುಚ್ಚಿದ ಕದವು ಚೌಕಟ್ಟಿಗೆ ಪೂರ್ತಿಯಾಗಿ ತಾಗಿಕೊಂಡಿರುತ್ತದೆ, ಆದರೂ ಕೀಲು ಸರಿಯಾಗಿದ್ದರೆ ಬೆರಳ ತುದಿಯಿಂದ ಮುಟ್ಟಿದರೆ ಸಾಕು, ತೆರೆದುಕೊಳ್ಳುತ್ತದೆ. ನಿಕಟತೆ ಅಂತರಕ್ಕೆ ಸಂಬಂಧಿಸಿದ ಗುಣ, ಬಿಗಿ ಬಲಕ್ಕೆ ಸಂಬಂಧಿಸಿದ ಗುಣ. ಈ ಎರಡನ್ನು ಒಂದೇ ಎಂದು ಭಾವಿಸುವುದರಿಂದಲೇ ಕಲಿಯುವವರ ಬಹುಪಾಲು ತೊಂದರೆಗಳು ಹುಟ್ಟುತ್ತವೆ ಎಂದು ನನ್ನ ದೃಢ ಅಭಿಪ್ರಾಯ. ಈ ಲೇಖನದಲ್ಲಿ ಹೇಳಹೊರಟಿರುವುದು ಇಷ್ಟೇ: ನಿಕಟ ಅಪ್ಪುಗೆ ಒಮ್ಮೆ ಕಟ್ಟಿ ಹಿಡಿದಿಡುವ ಆಕಾರವಲ್ಲ, ಹಾಡು ಮುಗಿಯುವವರೆಗೂ ಇಬ್ಬರೂ ಹೆಜ್ಜೆ ಹೆಜ್ಜೆಗೆ ಹೊಸದಾಗಿ ಹೊಂದಿಸಿಕೊಳ್ಳುವ ಸ್ಥಿತಿ.

ಟ್ಯಾಂಗೊ 19ನೆಯ ಶತಮಾನದ ಕೊನೆಯಲ್ಲಿ ರಿಯೊ ದೆ ಲಾ ಪ್ಲಾತಾ ನದೀಮುಖದ ಎರಡು ದಡಗಳಲ್ಲಿ, ಅಂದರೆ ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊ ನಗರಗಳಲ್ಲಿ ರೂಪುಗೊಂಡ ಸಂಗೀತ ಹಾಗೂ ನೃತ್ಯ. 2009ರಲ್ಲಿ ಅರ್ಜೆಂಟೀನಾ ಮತ್ತು ಉರುಗ್ವೆ ದೇಶಗಳ ಜಂಟಿ ಕೋರಿಕೆಯ ಮೇರೆಗೆ ಯುನೆಸ್ಕೊ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸುಮಾರು 1935ರಿಂದ 1955ರವರೆಗಿನ ಎರಡು ದಶಕಗಳನ್ನು ಇದರ ಸುವರ್ಣಯುಗ ಎನ್ನುತ್ತಾರೆ. ಹುವಾನ್ ದಾರಿಯೆನ್ಸೊ, ಕಾರ್ಲೋಸ್ ದಿ ಸಾರ್ಲಿ, ಅನಿಬಲ್ ತ್ರೊಯ್ಲೊ, ಓಸ್ವಾಲ್ದೊ ಪುಗ್ಲಿಯೆಸೆ ಮೊದಲಾದವರ ವಾದ್ಯವೃಂದಗಳು ಆ ಕಾಲದಲ್ಲಿ ಮುದ್ರಿಸಿದ ಹಾಡುಗಳಿಗೇ ಇಂದಿಗೂ ಪ್ರಪಂಚದಾದ್ಯಂತ ಜನ ನರ್ತಿಸುತ್ತಾರೆ. ಬ್ಯೂನಸ್ ಐರಿಸ್ ನಗರದ ನಡುಭಾಗದ ಸಭಾಂಗಣಗಳಲ್ಲಿ ಮೇಜುಗಳ ನಡುವೆ ಉಳಿದಿರುತ್ತಿದ್ದ ಕಿರಿದಾದ ಜಾಗದಲ್ಲಿ ಕಿಕ್ಕಿರಿದು ನರ್ತಿಸುವಾಗ ಜೋಡಿಗಳು ಹತ್ತಿರವಾಗಿ, ಚಿಕ್ಕ ಹೆಜ್ಜೆಗಳಲ್ಲಿ ನಡೆಯುವುದು ಅನಿವಾರ್ಯವಾಗಿತ್ತು. ಉತ್ತರದ ಬಡಾವಣೆಯಾದ ವಿಲ್ಲಾ ಉರ್ಕಿಸಾದಂತಹ ಕಡೆ ಕ್ರೀಡಾಸಂಘಗಳ ಅಗಲವಾದ ಅಂಗಳ ದೊರೆಯುತ್ತಿದ್ದುದರಿಂದ ಅಲ್ಲಿ ಹೆಜ್ಜೆ ನೀಳವಾಯಿತು, ಅಪ್ಪುಗೆ ಒಂದು ಬದಿಯಲ್ಲಿ ತುಸು ಬಿಚ್ಚಿಕೊಂಡಿತು. 1990ರ ದಶಕದಲ್ಲಿ ಸುಸಾನಾ ಮಿಲ್ಲರ್ ಅವರಂತಹ ಶಿಕ್ಷಕರು ಹಳೆಯ ನಡುಪಟ್ಟಣದ ನರ್ತಕರ ರೀತಿಯನ್ನು 'ಮಿಲೋಂಗೆರೊ ಶೈಲಿ' ಎಂಬ ಹೆಸರಿನಲ್ಲಿ ಹೊರದೇಶಗಳಿಗೆ ಪರಿಚಯಿಸಿದರು. ಅದೇ ದಶಕದಲ್ಲಿ ಗುಸ್ತಾವೊ ನವೇಯ್ರಾ ಮತ್ತು ಫಾಬಿಯನ್ ಸಾಲಾಸ್ ಮೊದಲಾದವರು ಚಲನೆಯನ್ನು ಬಿಡಿಸಿ ನೋಡಿ, ಅಂತರ ಬಿಟ್ಟು ನರ್ತಿಸುವ ಸಾಧ್ಯತೆಗಳನ್ನು ವಿಸ್ತರಿಸಿದರು. ಹೀಗಾಗಿ ಎಷ್ಟು ಹತ್ತಿರ ಎಂಬ ಪ್ರಶ್ನೆಗೆ ಟ್ಯಾಂಗೊ ಇತಿಹಾಸದಲ್ಲಿ ಒಂದೇ ಉತ್ತರ ಎಂದೂ ಇರಲಿಲ್ಲ. ಜಾಗ, ಸಂಗೀತ ಮತ್ತು ಜೊತೆಗಾರರನ್ನು ನೋಡಿ ಉತ್ತರ ಬದಲಾಗುತ್ತಿತ್ತು.

ಈಗ ಅಪ್ಪುಗೆಯ ರಚನೆಯನ್ನು ನೋಡೋಣ. ಇಬ್ಬರಲ್ಲಿ ಒಬ್ಬರು ನಡೆಸುವವರು, ಇನ್ನೊಬ್ಬರು ಅನುಸರಿಸುವವರು. ಸಾಂಪ್ರದಾಯಿಕವಾಗಿ ಗಂಡಸು ನಡೆಸುತ್ತಿದ್ದರೂ ಇಂದು ಯಾರು ಯಾವ ಪಾತ್ರವನ್ನಾದರೂ ವಹಿಸುತ್ತಾರೆ. ನಡೆಸುವವರ ಬಲಗೈ ಜೊತೆಗಾರರ ಬೆನ್ನನ್ನು ಬಳಸುತ್ತದೆ, ಅನುಸರಿಸುವವರ ಎಡಗೈ ಎದುರಿನವರ ಬಲಹೆಗಲ ಮೇಲೆ ಹಾದು ಬೆನ್ನಿನ ಮೇಲೋ ಕತ್ತಿನ ಹಿಂದೆಯೋ ನೆಲೆಸುತ್ತದೆ. ಉಳಿದ ಎರಡು ಕೈಗಳು ಪಕ್ಕದಲ್ಲಿ, ಇಬ್ಬರಲ್ಲಿ ಕುಳ್ಳಗಿರುವವರ ಕಣ್ಣಿನ ಮಟ್ಟಕ್ಕಿಂತ ಹೆಚ್ಚು ಮೇಲೇರದಂತೆ, ಅಂಗೈಗೆ ಅಂಗೈ ಸೇರಿಸಿ ನಿಲ್ಲುತ್ತವೆ. ಹೀಗೆ ತೋಳುಗಳು ಪೂರ್ತಿ ಬಳಸಿರುವ ಬದಿಯನ್ನು ಮುಚ್ಚಿದ ಬದಿ ಎಂದೂ ಕೈಗಳು ಚಾಚಿರುವ ಬದಿಯನ್ನು ತೆರೆದ ಬದಿ ಎಂದೂ ಕರೆಯುತ್ತಾರೆ. ತಲೆಗಳು ಬಲಭಾಗದಲ್ಲಿ ಸೇರುತ್ತವೆ, ಕೆಲವೊಮ್ಮೆ ಕೆನ್ನೆಗೆ ಕೆನ್ನೆ, ಎತ್ತರದಲ್ಲಿ ವ್ಯತ್ಯಾಸವಿದ್ದರೆ ಒಬ್ಬರ ಕಣತಲೆಗೆ ಇನ್ನೊಬ್ಬರ ದವಡೆ. ಎದೆಗಳು ತಾಗಿರುತ್ತವೆ, ಸೊಂಟದ ಕೆಳಗೆ ಮಾತ್ರ ಜಾಗ ಬಿಟ್ಟಿರುತ್ತದೆ. ಹೆಂಚಿನ ಮಾಡಿನ ಎರಡು ಇಳಿಜಾರುಗಳು ತುದಿಯಲ್ಲಿ ಕೂಡಿ, ಕೆಳಗೆ ದೂರವಾಗುವ ಹಾಗೆ. ಸ್ಪರ್ಧೆಗಳಲ್ಲಿ ಕಾಣುವ ಬಾಲ್‌ರೂಮ್ ಟ್ಯಾಂಗೊದಲ್ಲಿ ಇದು ತಿರುವುಮುರುವು. ಅಲ್ಲಿ ಪಕ್ಕೆಯ ಕೆಳಭಾಗ ಮತ್ತು ತೊಡೆಗಳು ತಾಗಿ, ಎದೆಗಳೂ ತಲೆಗಳೂ ಹೊರಕ್ಕೆ ವಾಲಿರುತ್ತವೆ. ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಮೊದಲು ಬಾಲ್‌ರೂಮ್ ಕಲಿತವರಿಗೆ ಈ ಗೊಂದಲ ಬಹಳ ದಿನ ಕಾಡುತ್ತದೆ.

ಎದೆಗಳು ತಾಗಬೇಕಾದರೆ ಇಬ್ಬರೂ ತುಸು ಮುಂದಕ್ಕೆ ಬರಬೇಕು. ಎಷ್ಟು ಎಂಬುದು ಮುಖ್ಯ, ಏಕೆಂದರೆ ಇಲ್ಲಿ ಭೌತಶಾಸ್ತ್ರ ಯಾರಿಗೂ ರಿಯಾಯಿತಿ ಕೊಡುವುದಿಲ್ಲ. 60 ಕಿಲೊ ತೂಕದ ಒಬ್ಬರು ಮುಂಗಾಲಿನಿಂದ ಎಳೆದ ಲಂಬರೇಖೆಯನ್ನು ದಾಟಿ 5 ಡಿಗ್ರಿಯಷ್ಟು ವಾಲಿದರೆ, ಎದೆಯ ಮಟ್ಟದಲ್ಲಿ ಎದುರಿನವರು ಆನಿಸಿಕೊಳ್ಳಬೇಕಾದ ಭಾರ ಸ್ಥೂಲ ಲೆಕ್ಕದಲ್ಲಿ 4 ಕಿಲೊ ಆಗುತ್ತದೆ. 15 ಡಿಗ್ರಿ ವಾಲಿದರೆ ಅದು 12 ಕಿಲೊಗೆ ಏರುತ್ತದೆ. 4 ಕಿಲೊ ಒತ್ತಡವನ್ನು ಮೂರು ನಿಮಿಷದ ಹಾಡಿನುದ್ದಕ್ಕೂ ಎದೆಯಲ್ಲಿ ತಾಳಿಕೊಳ್ಳಬಹುದು, ಅದು ಹಿತವಾಗಿಯೂ ಇರುತ್ತದೆ. 12 ಕಿಲೊ ಹಾಗಲ್ಲ. ಎದುರಿನವರು ಅಷ್ಟೇ ಬಲದಿಂದ ಮರಳಿ ಒತ್ತದಿದ್ದರೆ ಇಬ್ಬರೂ ಅವರ ಬೆನ್ನಿನ ಕಡೆಗೆ ಸರಿದುಹೋಗುತ್ತಾರೆ, ಒತ್ತಿದರೆ ಕಾಲುಗಳಿಗೆ ಹೆಜ್ಜೆಯಿಡುವ ಸ್ವಾತಂತ್ರ್ಯ ಕುಗ್ಗುತ್ತದೆ. ಒಬ್ಬರನ್ನೊಬ್ಬರು ಆತು ನಿಲ್ಲುವ ಈ ಆಳವಾದ ವಾಲನ್ನು 'ಅಪಿಲಾದೊ' ಎನ್ನುತ್ತಾರೆ. 2005ರಲ್ಲಿ ತೀರಿಕೊಂಡ ನರ್ತಕ ಕಾರ್ಲೋಸ್ ಗಾವಿತೊ ದೀರ್ಘ ವಿರಾಮಗಳೊಂದಿಗೆ ಇದನ್ನು ವೇದಿಕೆಯ ಮೇಲೆ ಅತ್ಯಂತ ಸುಂದರವಾಗಿ ತೋರಿಸಿದವರು. ಆದರೆ ವೇದಿಕೆಯ ಮೇಲೆ ವರ್ಷಗಟ್ಟಲೆ ಒಟ್ಟಿಗೆ ಅಭ್ಯಾಸ ಮಾಡಿದ ಜೋಡಿ ಮಾಡುವುದನ್ನು ಅಪರಿಚಿತರೊಬ್ಬರ ಜೊತೆ ಮೊದಲ ಹಾಡಿನಲ್ಲೇ ಪ್ರಯತ್ನಿಸಿದರೆ ಅದು ಅವರ ಬೆನ್ನಿಗೆ ಮಾಡುವ ಅನ್ಯಾಯ.

ಆದ್ದರಿಂದ ದಿನನಿತ್ಯದ ನೃತ್ಯಕ್ಕೆ ಒಂದು ಪರೀಕ್ಷೆಯನ್ನು ಇಟ್ಟುಕೊಳ್ಳುವುದು ಒಳ್ಳೆಯದು: ಜೊತೆಗಾರರು ಇದ್ದಕ್ಕಿದ್ದಂತೆ ಸರಿದು ನಿಂತರೆ ನಾನು ಮುಗ್ಗರಿಸುತ್ತೇನೆಯೇ? ಮುಗ್ಗರಿಸುವುದಾದರೆ ನಾನು ಅವರ ಮೇಲೆ ಒರಗಿದ್ದೆ ಎಂದಾಯಿತು. ದೇಹದ ಭಾರ ಹಿಮ್ಮಡಿಯಿಂದ ಮುಂಗಾಲಿಗೆ ಬಂದು, ಅಲ್ಲಿಯೇ ತನ್ನ ತೋಲನದಲ್ಲಿ ನಿಂತು, ಎದೆ ಮಾತ್ರ ಎದುರಿನವರನ್ನು ಹಗುರವಾಗಿ ಮುಟ್ಟಬೇಕು. ಸ್ವಂತ ನೆಲೆಗೆ ಸ್ಪ್ಯಾನಿಶ್‌ನಲ್ಲಿ 'ಎಹೆ' ಎನ್ನುತ್ತಾರೆ, ಅಚ್ಚು ಎಂದು ಅರ್ಥ. ಬಂಡಿಯ ಅಚ್ಚಿನಂತೆ ಅದು ನೆಟ್ಟಗಿದ್ದರೆ ಮಾತ್ರ ದೇಹ ಅದರ ಸುತ್ತ ತಿರುಗುತ್ತದೆ. ಇಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪೆಂದರೆ ಎದೆಯನ್ನು ಮುಂದಕ್ಕೆ ತರುವ ಭರದಲ್ಲಿ ಸೊಂಟದಿಂದ ಬಾಗುವುದು. ಆಗ ಎದೆ ತಾಗುತ್ತದೆ ನಿಜ, ಆದರೆ ಭಾರ ಹಿಮ್ಮಡಿಯಲ್ಲೇ ಉಳಿದು, ಕೆಳಬೆನ್ನು ನೋಯಲು ತೊಡಗುತ್ತದೆ. ಕಣಕಾಲಿನಿಂದ ನೆತ್ತಿಯವರೆಗೆ ದೇಹ ಒಂದೇ ಗೆರೆಯಲ್ಲಿ ಮುಂದೆ ಬರಬೇಕು.

ತೋಳುಗಳ ಕೆಲಸ ಬಹುಮಂದಿ ತಿಳಿದಿರುವುದಕ್ಕಿಂತ ಬಹಳ ಕಡಿಮೆ. ನಡೆಸುವವರ ಉದ್ದೇಶ ಎದೆಯಿಂದ ಎದೆಗೆ ತಲುಪುತ್ತದೆ. ಕಾಲು ಎತ್ತುವ ಮೊದಲೇ ಅವರ ಮುಂಡದ ಭಾರ ಯಾವ ದಿಕ್ಕಿಗೆ ಹೊರಡಲು ಅಣಿಯಾಗಿದೆ ಎಂಬುದನ್ನು ಅನುಸರಿಸುವವರು ತಾಗಿರುವ ಜಾಗದಲ್ಲಿ ಗ್ರಹಿಸಿ, ತಮ್ಮ ಹೆಜ್ಜೆಗೆ ಜಾಗ ಮಾಡಿಕೊಳ್ಳುತ್ತಾರೆ. ತೋಳುಗಳು ಆ ಮಾತುಕತೆ ನಡೆಯುವ ಕೋಣೆಯ ಗೋಡೆಗಳಿದ್ದಂತೆ. ಬಲಗೈಯಿಂದ ಬೆನ್ನನ್ನು ಒತ್ತಿ ಹಿಡಿದ ಕೂಡಲೇ ಅನುಸರಿಸುವವರ ಪಕ್ಕೆಲುಬುಗಳು ಉಸಿರಾಟಕ್ಕೆ ಹಿಗ್ಗಲಾರವು, ಮುಂಡ ಸೊಂಟದ ಮೇಲೆ ತಿರುಗಲಾರದು, ಅವರಿಗೆ ತಲುಪಬೇಕಾಗಿದ್ದ ಸೂಕ್ಷ್ಮ ಸೂಚನೆಗಳೆಲ್ಲ ಆ ಒತ್ತಡದ ಗದ್ದಲದಲ್ಲಿ ಮುಳುಗಿಹೋಗುತ್ತವೆ. ಅನುಸರಿಸುವವರ ಕಡೆಯಿಂದಲೂ ಇದೇ ಬಗೆಯ ತಪ್ಪು ಸಾಧ್ಯ: ಎಡತೋಳಿನ ಭಾರವನ್ನೆಲ್ಲ ಎದುರಿನವರ ಕತ್ತಿನ ಮೇಲೆ ಬಿಟ್ಟು ಜೋತುಬಿದ್ದರೆ ಕೆಲವೇ ಹಾಡುಗಳಲ್ಲಿ ಅವರ ಹೆಗಲು ಸೋಲುತ್ತದೆ. ತೋಳು ಮೈಮೇಲೆ ಮಲಗಿರಬೇಕು, ಆದರೆ ಅದರ ತೂಕವನ್ನು ಸ್ವಂತ ಬೆನ್ನಿನ ಹಲಗೆಮೂಳೆಯೇ ಹೊತ್ತಿರಬೇಕು.

ನೇರ ನಡಿಗೆಯಲ್ಲಿ ಇಷ್ಟು ಸಾಕು. ಅಪ್ಪುಗೆಯ ನಿಜವಾದ ಪರೀಕ್ಷೆ ಆರಂಭವಾಗುವುದು ತಿರುಗುವ ಚಲನೆಗಳಲ್ಲಿ. 'ಓಚೊ' ಎಂದರೆ ಎಂಟು. ಅನುಸರಿಸುವವರ ಪಾದಗಳು ನೆಲದ ಮೇಲೆ ಎಂಟರ ಅಂಕಿಯನ್ನು ಬರೆಯುವ ನಡೆ ಇದು. ಹಿಂದಕ್ಕೆ ನಡೆಯುವ ಓಚೊದಲ್ಲಿ ಅನುಸರಿಸುವವರು ಒಂದು ಕಾಲಿನ ಮೇಲೆ ಸೊಂಟವನ್ನು ತಿರುಗಿಸಿ ಹಿಂದಕ್ಕೆ ಹೆಜ್ಜೆಯಿಟ್ಟು, ಮತ್ತೆ ಇನ್ನೊಂದು ಬದಿಗೆ ತಿರುಗಬೇಕು. ಎದೆ ತಾಗಿಯೇ ಇರಬೇಕು, ಸೊಂಟ ತಿರುಗಲೂಬೇಕು ಎಂದಾಗ ದೇಹ ಹಿಂಡಿದ ಬಟ್ಟೆಯಂತೆ ನಡುವಿನಲ್ಲಿ ಸುರುಳಿಯಾಗುತ್ತದೆ. ಈ ಮೇಲು-ಕೆಳಗಿನ ಬೇರ್ಪಡಿಕೆಗೆ ಎಲ್ಲರ ದೇಹದಲ್ಲೂ ಒಂದು ಮಿತಿಯಿದೆ, ವಯಸ್ಸಾದಂತೆ ಆ ಮಿತಿ ಕಿರಿದಾಗುತ್ತದೆ. ಮಿತಿ ಮುಟ್ಟಿದಾಗ ಮೂರು ದಾರಿಗಳಿವೆ. ಒಂದು, ಸೊಂಟವನ್ನು ತಿರುಗಿಸದೆಯೇ ಕಾಲನ್ನು ಹಿಂದೆ ಅಡ್ಡಲಾಗಿ ದಾಟಿಸಿ ಇಡುವುದು. ಕಿಕ್ಕಿರಿದ ಸಭಾಂಗಣದ ಹಳಬರು ಹೆಚ್ಚಾಗಿ ಮಾಡುತ್ತಿದ್ದುದು ಇದನ್ನೇ. ಎರಡನೆಯದು, ಎದೆಗಳ ನಡುವಿನ ತಾಗುವ ಬಿಂದು ಒಂದೆಡೆ ಅಂಟಿಕೊಂಡಿರದೆ ಉರುಳುವಂತೆ ಬಿಡುವುದು. ಅನುಸರಿಸುವವರ ಎದೆಮೂಳೆಯ ಬಲಭಾಗದಿಂದ ಎಡಭಾಗಕ್ಕೆ, ಅಲ್ಲಿಂದ ಮತ್ತೆ ಬಲಕ್ಕೆ ಸ್ಪರ್ಶ ಜಾರುತ್ತ ಹೋಗುತ್ತದೆ. ಸ್ಪರ್ಶ ತಪ್ಪುವುದಿಲ್ಲ, ಅದರ ಜಾಗ ಮಾತ್ರ ಬದಲಾಗುತ್ತದೆ. ಮೂರನೆಯದು, ಅಪ್ಪುಗೆಯನ್ನು ಆ ಕ್ಷಣಕ್ಕೆ ಸಡಿಲಿಸಿ, ನಡೆ ಮುಗಿದೊಡನೆ ಮರಳಿ ಮುಚ್ಚುವುದು.

ಈ ಮೂರನೆಯ ದಾರಿಯನ್ನು ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಸಡಿಲಿಸುವುದು ಎಂದರೆ ದೂರ ಸರಿಯುವುದು ಎಂದು ಹಲವರು ತಿಳಿಯುತ್ತಾರೆ. ಅನುಸರಿಸುವವರು ನಡೆಸುವವರ ಸುತ್ತಲೂ ನಡೆದುಬರುವ 'ಹಿರೊ' ಎಂಬ ಸುತ್ತುನಡೆಯನ್ನು ತೆಗೆದುಕೊಳ್ಳೋಣ. ನಡೆಸುವವರು ಎಡಕ್ಕೆ ತಿರುಗುವಾಗ ಅನುಸರಿಸುವವರು ತೆರೆದ ಬದಿಯತ್ತ ಸಾಗುತ್ತಾರೆ, ಅಲ್ಲಿ ಸಹಜವಾಗಿಯೇ ಜಾಗವಿದೆ. ಬಲಕ್ಕೆ ತಿರುಗುವಾಗ ಅವರು ಮುಚ್ಚಿದ ಬದಿಯೊಳಕ್ಕೇ ಹೆಜ್ಜೆಯಿಡಬೇಕು. ಅಲ್ಲಿ ನಡೆಸುವವರ ಬಲತೋಳು ಬೇಲಿಯಂತೆ ನಿಂತಿದ್ದರೆ ಹೆಜ್ಜೆ ಮೊಟಕಾಗುತ್ತದೆ, ಇಲ್ಲವೇ ಇಬ್ಬರ ಅಚ್ಚೂ ಓಲಾಡುತ್ತದೆ. ಆ ಹೊತ್ತಿಗೆ ಬಲಗೈ ಬೆನ್ನಿನ ಮೇಲೆ ಕೆಲವು ಬೆರಳಗಲ ಹಿಂದಕ್ಕೆ ಜಾರಬೇಕು. ಅನುಸರಿಸುವವರ ಎಡಗೈ ಕೂಡ ಕತ್ತಿನ ಹಿಂಭಾಗದಿಂದ ಹೆಗಲಿಗೆ, ಬೇಕಾದರೆ ಮೇಲ್ತೋಳಿಗೆ ಇಳಿದು ಬರಬೇಕು. ಎರಡೂ ಕೈಗಳು ಮೈಯನ್ನು ಬಿಡುವುದಿಲ್ಲ, ಹಿಡಿಯುವುದೂ ಇಲ್ಲ, ಬಟ್ಟೆಯ ಮೇಲೆ ಹಗುರವಾಗಿ ಸರಿಯುತ್ತವೆ ಅಷ್ಟೆ. ಎದೆಗಳ ನಡುವೆ ಒಂದು ಅಂಗೈ ಹಿಡಿಸುವಷ್ಟು ಸಂದು ಮೂಡಬಹುದು, ಮುಚ್ಚಿದ ಬದಿಯಲ್ಲಿ ಪಕ್ಕೆಗಳು ತಾಗಿಯೇ ಇದ್ದು ತೆರೆದ ಬದಿಯಲ್ಲಿ ಮಾತ್ರ ಬಿರುಕು ಬಿಡಬಹುದು. ಓರೆ ಮಾಡಿದ ಕದದ ಕೀಲು ಚೌಕಟ್ಟಿನಲ್ಲೇ ಇರುವಂತೆ. ವಿಲ್ಲಾ ಉರ್ಕಿಸಾದ ನರ್ತಕರು ಹಾಡಿನುದ್ದಕ್ಕೂ ಇಂತಹ ಓರೆ ಅಪ್ಪುಗೆಯಲ್ಲಿ ನಡೆಯುತ್ತಿದ್ದುದರಿಂದ ಅವರಿಗೆ ಸುತ್ತುನಡೆಗಳು ಅಷ್ಟು ಸಲೀಸಾಗಿ ಒದಗಿಬರುತ್ತಿದ್ದವು.

ತೆರೆಯಬೇಕಾದುದನ್ನು ಯಾವಾಗ ತೆರೆಯಬೇಕು ಎಂಬುದೂ ಅಷ್ಟೇ ಮುಖ್ಯ. ತಿರುಗುವ ಹೆಜ್ಜೆ ಆರಂಭವಾದ ಮೇಲೆ ತೋಳು ಸಡಿಲಿಸಿದರೆ ತಡವಾಯಿತು. ಅನುಸರಿಸುವವರು ಆಗಲೇ ಎದೆಗೆ ಅಡ್ಡ ಬಂದ ಒತ್ತಡವನ್ನು ಒಂದು ಸೂಚನೆ ಎಂದು ಓದಿ ಬೇರೊಂದು ಹೆಜ್ಜೆಗೆ ಸಿದ್ಧರಾಗಿರುತ್ತಾರೆ. ಹಿಂದಿನ ಹೆಜ್ಜೆಯ ಭಾರ ಪೂರ್ತಿಯಾಗಿ ಒಂದು ಕಾಲಿಗೆ ಬಂದು ನೆಲೆಸುವ ಕ್ಷಣದಲ್ಲಿ, ಉಸಿರು ಬಿಡುವಾಗ ಎದೆ ತಾನಾಗಿ ತಗ್ಗುವಷ್ಟು ಸಹಜವಾಗಿ ಅದು ಆಗಬೇಕು. ಮರಳಿ ಮುಚ್ಚುವುದು ಇನ್ನೂ ಸೂಕ್ಷ್ಮ. ಕೈಯಿಂದ ಎಳೆದು ಹತ್ತಿರ ತಂದುಕೊಳ್ಳುವುದು ಅಸಭ್ಯ, ನೃತ್ಯದ ದೃಷ್ಟಿಯಿಂದ ನಿಷ್ಫಲವೂ ಹೌದು. ನಡೆಸುವವರು ಮುಂದಿನ ಹೆಜ್ಜೆಯಲ್ಲಿ ತುಸು ಹೆಚ್ಚು ಮುಂದೆ ಬಂದು ಎದೆಯನ್ನು ಒದಗಿಸುತ್ತಾರೆ. ಅನುಸರಿಸುವವರು ಬಯಸಿದರೆ ಆ ಸಂದನ್ನು ತಾವೇ ತುಂಬುತ್ತಾರೆ. ಇದೆಲ್ಲದರ ಬದಲಿಗೆ ತೆರೆಯುವ ಅಗತ್ಯವೇ ಬಾರದ ನಡೆಗಳನ್ನು ಆರಿಸಿಕೊಳ್ಳುವ ಜಾಣ್ಮೆಯೂ ಉಂಟು. 'ಓಚೊ ಕೊರ್ತಾದೊ', ಅಂದರೆ ಕತ್ತರಿಸಿದ ಓಚೊ, ತಿರುವನ್ನು ನಡುವಿನಲ್ಲೇ ತಡೆದು ಕಾಲುಗಳನ್ನು ಅಡ್ಡಕ್ಕೆ ಸೇರಿಸಿ ಮುಗಿಯುವ ನಡೆ. ಎರಡು ಹಾಸುಗಲ್ಲುಗಳಷ್ಟು ಜಾಗದಲ್ಲಿ, ಎದೆಯ ಸ್ಪರ್ಶ ಒಂದಿಷ್ಟೂ ಕದಡದೆ ಇದನ್ನು ಮಾಡಬಹುದು. ಕಲಿಯುವವರು ಗಾಳಿಗೆ ಕಾಲೆತ್ತುವ ನಡೆಗಳಿಗಿಂತ ಮೊದಲು ಇದನ್ನು ಕಲಿತರೆ ಒಳ್ಳೆಯದೆಂದು ನನಗನ್ನಿಸುತ್ತದೆ.

ಎತ್ತರದ ವ್ಯತ್ಯಾಸ ಕೇಳಿದಷ್ಟು ದೊಡ್ಡ ಅಡ್ಡಿಯಲ್ಲ. ಎತ್ತರದವರು ಮಂಡಿಯನ್ನು ಸಡಿಲಬಿಟ್ಟು ನಡೆಯಬಹುದು, ಬೆನ್ನನ್ನು ಮಾತ್ರ ಗೂನು ಮಾಡಬಾರದು. ಕುಳ್ಳಗಿರುವವರು ಎಡಗೈಯನ್ನು ಹೆಗಲ ಮೇಲೆ ಎಳೆದು ಏರಿಸದೆ ಮೇಲ್ತೋಳಿನ ಮೇಲೆ ಇಡಬಹುದು. ಸ್ಪರ್ಶ ಎದೆಗೆ ಬದಲಾಗಿ ಒಬ್ಬರ ಹೊಟ್ಟೆಯ ಮೇಲ್ಭಾಗಕ್ಕೆ ಬಂದರೂ ಸೂಚನೆಗಳು ತಲುಪುತ್ತವೆ. ತಲೆಗಳು ತಾಗಲೇಬೇಕೆಂಬ ನಿಯಮವಂತೂ ಇಲ್ಲ. ಬೆವರು, ಸುಗಂಧದ್ರವ್ಯ, ಉಸಿರಿನ ವಾಸನೆ ಇವೆಲ್ಲ ಹೇಳಲು ಸಂಕೋಚದ ವಿಷಯಗಳಾದರೂ ನಿಕಟ ಅಪ್ಪುಗೆಯ ಭಾಗವೇ. ಬದಲಿ ಅಂಗಿಯೊಂದನ್ನು ಚೀಲದಲ್ಲಿಟ್ಟುಕೊಂಡು ಬರುವ ನರ್ತಕರು ಬಹಳ ಮಂದಿ ಇದ್ದಾರೆ.

ಎಷ್ಟು ಹತ್ತಿರ ಎಂಬುದನ್ನು ಯಾರು ತೀರ್ಮಾನಿಸಬೇಕು? ಇಬ್ಬರೂ ಎನ್ನುವುದು ಸರಿಯಾದ ಉತ್ತರ, ಆದರೆ ಇಬ್ಬರಲ್ಲಿ ಹೆಚ್ಚು ಅಂತರ ಬಯಸುವವರ ಮಾತೇ ನಡೆಯಬೇಕು ಎನ್ನುವುದು ಅದಕ್ಕಿಂತ ಸ್ಪಷ್ಟವಾದ ಉತ್ತರ. ಬ್ಯೂನಸ್ ಐರಿಸ್‌ನ ನೃತ್ಯಕೂಟಗಳಲ್ಲಿ, ಅಂದರೆ ಮಿಲೋಂಗಗಳಲ್ಲಿ, ಆಹ್ವಾನವೇ ದೂರದಿಂದ ಕಣ್ಣಿನ ನೋಟ ಮತ್ತು ತಲೆಯ ಸನ್ನೆಯ ಮೂಲಕ ನಡೆಯುತ್ತದೆ. 'ಕಾಬೆಸೆಯೊ' ಎಂಬ ಈ ಪದ್ಧತಿಯಿಂದಾಗಿ ಬೇಡ ಎನ್ನುವವರು ನೋಟ ತಪ್ಪಿಸಿದರೆ ಸಾಕು, ಯಾರಿಗೂ ಮುಖಭಂಗವಾಗುವುದಿಲ್ಲ. ಅಪ್ಪುಗೆ ಕೂಡುವ ಕ್ಷಣದಲ್ಲೂ ಅದೇ ಸೌಜನ್ಯ ಮುಂದುವರಿಯಬೇಕು. ನಡೆಸುವವರು ಎಡಗೈಯನ್ನು ಚಾಚಿ, ಬಲತೋಳನ್ನು ತೆರೆದು, ಎದೆಯನ್ನು ಒಡ್ಡಿ ಕಾಯುತ್ತಾರೆ. ಅನುಸರಿಸುವವರು ತಮಗೆ ಹಿತವೆನಿಸುವಷ್ಟು ಹತ್ತಿರ ಬಂದು ನಿಲ್ಲುತ್ತಾರೆ. ಬಲಗೈ ಬೆನ್ನನ್ನು ಬಳಸುವುದು ಆಮೇಲೆ. ಅನುಸರಿಸುವವರು ಎಡ ಮುಂಗೈಯನ್ನು ಎದುರಿನವರ ಹೆಗಲಿನ ಮುಂಭಾಗಕ್ಕೆ ತಂದು ಇಟ್ಟರೆ ಅದು ಅಂತರ ಬೇಕೆಂಬ ಸ್ಪಷ್ಟ ಮಾತು. ಅದನ್ನು ಕೇಳಿಸಿಕೊಳ್ಳದವರು ಎಷ್ಟೇ ನಡೆಗಳನ್ನು ಬಲ್ಲವರಾದರೂ ನನ್ನ ಎಣಿಕೆಯಲ್ಲಿ ಒಳ್ಳೆಯ ನರ್ತಕರಲ್ಲ. ಹತ್ತಿರ ಬಂದ ಮೇಲೆ ಮನಸ್ಸು ಬದಲಾದರೂ ಹಾಡಿನ ನಡುವೆ ತೆರೆದುಕೊಳ್ಳುವ ಹಕ್ಕು ಇಬ್ಬರಿಗೂ ಇರುತ್ತದೆ.

ಸಂಗೀತ ಬದಲಾದಂತೆ ಅಪ್ಪುಗೆಯ ಹದವೂ ಬದಲಾಗುತ್ತದೆ. ದಾರಿಯೆನ್ಸೊ ಅವರ ಚುರುಕಾದ, ಕಡಿದಿಟ್ಟಂತಹ ತಾಳಕ್ಕೆ ಹೆಜ್ಜೆಗಳು ಚಿಕ್ಕವಾಗಿ ಒತ್ತೊತ್ತಾಗಿ ಬೀಳುವುದರಿಂದ ಸ್ಪರ್ಶ ಸಮನಾಗಿ, ಸ್ಥಿರವಾಗಿ ಇರಬೇಕು. ಪುಗ್ಲಿಯೆಸೆ ಅವರ ಸಂಗೀತ ರಬ್ಬರಿನಂತೆ ಎಳೆದು ಬಿಡುತ್ತದೆ, ಅಲ್ಲಿ ಎದೆಗಳ ನಡುವಿನ ಒತ್ತಡವೂ ಹಾಗೆಯೇ ನಿಧಾನವಾಗಿ ಹಿಗ್ಗಿ ಕುಗ್ಗಲು ಬಿಡಬೇಕು. ವಾಲ್ಸ್‌ನಲ್ಲಿ, ಅಂದರೆ ಮೂರೆಣಿಕೆಯ ತಾಳದ ಟ್ಯಾಂಗೊದಲ್ಲಿ, ತಿರುಗುವಿಕೆ ಹೆಚ್ಚು, ಆದ್ದರಿಂದ ಕದ ಓರೆಯಾಗಿದ್ದರೇ ಅನುಕೂಲ. ಜೋಡಿಗಳೆಲ್ಲ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಸಾಗುವ 'ರೋಂಡಾ' ದಟ್ಟವಾದಾಗ ಮಾತ್ರ ಸಂಗೀತ ಏನೇ ಹೇಳಿದರೂ ನಡೆಸುವವರು ಅಪ್ಪುಗೆಯನ್ನು ಚಿಕ್ಕದು ಮಾಡಿ ಜೊತೆಗಾರರ ಬೆನ್ನನ್ನು ಕಾಯಬೇಕು, ಏಕೆಂದರೆ ಹಿಂದಕ್ಕೆ ನಡೆಯುವವರಿಗೆ ಹಿಂದೆ ಏನಿದೆ ಎಂದು ಕಾಣದು.

ಅಭ್ಯಾಸಕ್ಕೆ ಸಲಕರಣೆ ಏನೂ ಬೇಕಿಲ್ಲ. ಇಬ್ಬರೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಎದೆಗಳ ನಡುವೆ ಮಡಿಸಿದ ಒಂದು ಕಾಗದವನ್ನಿಟ್ಟು ಅದು ಜಾರಿ ಬೀಳದಂತೆ ನಡೆಯಲು ಪ್ರಯತ್ನಿಸಬೇಕು. ಮೊದಲ ದಿನ ಕಾಗದ ಬೀಳಬಾರದೆಂದು ಇಬ್ಬರೂ ಬಲವಾಗಿ ಒತ್ತುತ್ತಾರೆ, ಆಗ ಯಾರ ಕಾಲೂ ಏಳುವುದಿಲ್ಲ. ಒತ್ತುವುದನ್ನು ಕಡಿಮೆ ಮಾಡುತ್ತ ಹೋದಂತೆ ನಡಿಗೆ ಹಗುರವಾಗುತ್ತದೆ, ಕಾಗದವೂ ನಿಲ್ಲುತ್ತದೆ. ಎಷ್ಟು ಕಡಿಮೆ ಬಲ ಸಾಕು ಎಂಬುದನ್ನು ಮೈ ಹೀಗೆ ಕಂಡುಕೊಂಡ ಮೇಲೆ ತೋಳುಗಳನ್ನು ಸೇರಿಸಿಕೊಂಡು, ಎಂಟು ಹೆಜ್ಜೆ ಎದೆ ತಾಗಿಸಿ, ಮುಂದಿನ ಎಂಟು ಹೆಜ್ಜೆ ಒಂದು ಅಂಗೈಯಷ್ಟು ತೆರೆದು, ಮತ್ತೆ ಮುಚ್ಚಿ ನಡೆಯಬೇಕು. ತೆರೆಯುವಾಗಲೂ ಮುಚ್ಚುವಾಗಲೂ ನಡಿಗೆಯ ವೇಗ ಬದಲಾಗದಿದ್ದರೆ ಅಭ್ಯಾಸ ಸರಿಯಾದ ದಾರಿಯಲ್ಲಿದೆ. ಹಲವು ತರಗತಿಗಳಲ್ಲಿ ತಿಂಗಳುಗಟ್ಟಲೆ ತೆರೆದ ಅಪ್ಪುಗೆಯಲ್ಲೇ ಕಲಿಸಿ, ನಿಕಟ ಅಪ್ಪುಗೆಯನ್ನು ಮುಂದಿನ ಹಂತವೆಂದು ಮುಂದೂಡುತ್ತಾರೆ. ಆ ತಿಂಗಳುಗಳಲ್ಲಿ ಕಲಿಯುವವರು ತೋಳಿನಿಂದ ನಡೆಸುವುದನ್ನು ರೂಢಿಸಿಕೊಳ್ಳುವುದರಿಂದ, ಎದೆ ತಾಗಿದ ನಡಿಗೆಯನ್ನು ಮೊದಲ ವಾರಗಳಲ್ಲೇ, ಒಪ್ಪಿದವರಿಗೆ, ತೋರಿಸಿಕೊಡುವುದು ಮೇಲು.

ಮಿಲೋಂಗದಲ್ಲಿ ಒಂದೇ ವಾದ್ಯವೃಂದದ ನಾಲ್ಕು ಟ್ಯಾಂಗೊಗಳನ್ನು ಸಾಮಾನ್ಯವಾಗಿ ಒಟ್ಟಿಗೆ ನುಡಿಸುತ್ತಾರೆ. ಈ ಗುಂಪಿಗೆ 'ತಾಂದಾ' ಎಂದು ಹೆಸರು. ಪ್ರತಿ ಹಾಡಿನ ಕೊನೆಗೆ ಜೋಡಿ ಬಿಡಿಸಿಕೊಂಡು ನಿಲ್ಲುತ್ತದೆ, ಮುಂದಿನ ಹಾಡು ಆರಂಭವಾದೊಡನೆಯೇ ಹೊರಡದೆ ಮೊದಲ ಕೆಲವು ಸಾಲುಗಳವರೆಗೆ ಮಾತನಾಡುತ್ತ ನಿಂತು, ಸುತ್ತಲಿನವರು ಹೊರಡುವಾಗ ಮತ್ತೆ ಅಪ್ಪುಗೆಗೆ ಬರುತ್ತದೆ. ಮೊದಲ ಹಾಡಿನಲ್ಲಿ ಅಳೆದು ನೋಡಿದ ಅಂತರ ಎರಡನೆಯದರಲ್ಲಿ ತುಸು ಕಡಿಮೆಯಾಗಿರಬಹುದು, ಮೂರನೆಯದರಲ್ಲಿ ತೋಳುಗಳು ತಾವಾಗಿ ತಮ್ಮ ಜಾಗ ಕಂಡುಕೊಂಡಿರಬಹುದು. ಕೊನೆಯ ಹಾಡಿನ ಕಡೆಯ ಎರಡು ಸ್ವರಗಳು ಬಿದ್ದ ಮೇಲೂ ಬಲ್ಲವರು ಒಡನೆ ಕೈಬಿಡುವುದಿಲ್ಲ. ಉಸಿರೊಂದು ಹೋಗಿ ಬರುವಷ್ಟು ಹೊತ್ತು ಹಾಗೆಯೇ ನಿಂತು, ಮೊದಲು ಎದೆಯನ್ನು ಹಿಂದಕ್ಕೆ ತೆಗೆದುಕೊಂಡು, ಆಮೇಲೆ ತೋಳುಗಳನ್ನು ಬಿಡಿಸಿಕೊಳ್ಳುತ್ತಾರೆ. ತಾಂದಾ ಮುಗಿದುದನ್ನು ತಿಳಿಸುವ ಬೇರೆ ಬಗೆಯ ಸಂಗೀತದ ತುಣುಕು ಕೇಳಿಬಂದಾಗ, ನಡೆಸಿದವರು ಜೊತೆಗಾರರನ್ನು ಅವರ ಮೇಜಿನವರೆಗೆ ಬಿಟ್ಟುಬರುತ್ತಾರೆ.